ಸೂಕ್ಷ್ಮಸೂಜಿ ಮತ್ತು ಸಸ್ಯಜನ್ಯ ಉತ್ಕರ್ಷಣ ನಿರೋಧಕಗಳು

ಸೂಕ್ಷ್ಮಸೂಜಿ ಎಂದರೆ ಚಿಕ್ಕದೊಂದು ಪಟ್ಟಿಯ ಮೇಲೆ ಹತ್ತಾರು, ಕೆಲವೊಮ್ಮೆ ನೂರಾರು ಸಂಖ್ಯೆಯಲ್ಲಿ ನಿಂತ ಮೊನೆಗಳು. ಒಂದೊಂದರ ಉದ್ದ ಸಾಮಾನ್ಯವಾಗಿ 1 ಮಿಲಿಮೀಟರ್ ಒಳಗೇ. ಚರ್ಮದ ಸತ್ತ ಹೊರಪದರವನ್ನು ದಾಟಿ ಔಷಧವನ್ನು ಜೀವಂತ ಪದರಕ್ಕೆ ಮುಟ್ಟಿಸುವುದು ಅವುಗಳ ಕೆಲಸ. ಲಸಿಕೆ, ಇನ್ಸುಲಿನ್‌ಗಳನ್ನು ಮುಂದಿಟ್ಟುಕೊಂಡು ಬೆಳೆದ ಈ ತಂತ್ರವನ್ನು ಸಸ್ಯಗಳ ಉತ್ಕರ್ಷಣ ನಿರೋಧಕಗಳಿಗೂ ಒಗ್ಗಿಸುವ ಪ್ರಯತ್ನ ನಡೆದಿದೆ. ಬಿಸಿಲಿನಿಂದ, ಉರಿಯೂತದಿಂದ ಜೀವಕೋಶದಲ್ಲಿ ಹುಟ್ಟುವ ಮುಕ್ತ ರ‍್ಯಾಡಿಕಲ್‌ಗಳನ್ನು ಅಡಗಿಸುವ ವಸ್ತುಗಳಿವು.

ಚರ್ಮದ ತಡೆ

ಮದುವೆಗೆ ಮೊದಲು ಮದುಮಕ್ಕಳಿಗೆ ಹಚ್ಚಿದ ಅರಿಸಿನ ಕೆಲವು ದಿನ ಮೈಮೇಲೆ ಉಳಿದು, ಆಮೇಲೆ ತಾನಾಗಿಯೇ ಹೋಗುತ್ತದೆ. ಅದು ಒಳಕ್ಕೆ ಇಳಿಯಿತು ಎಂದುಕೊಳ್ಳುವವರೇ ಹೆಚ್ಚು. ನಿಜದಲ್ಲಿ ಬಹುಪಾಲು ಬಣ್ಣ 10ರಿಂದ 20 ಮೈಕ್ರೋಮೀಟರ್ ದಪ್ಪದ ಹೊರಪದರದಲ್ಲೇ ಸಿಕ್ಕಿಕೊಂಡು, ಆ ಪದರ ಉದುರಿದಂತೆ ಉದುರುತ್ತದೆ. ತಲೆಗೂದಲಿಗಿಂತ ತೆಳುವಾದ ಈ ಪದರದಲ್ಲಿ ಸತ್ತ ಕೋಶಗಳು ಇಟ್ಟಿಗೆಯಂತೆ, ನಡುವಿನ ಕೊಬ್ಬು ಗಾರೆಯಂತೆ. 500 ಡಾಲ್ಟನ್‌ಗಿಂತ ಭಾರವಾದ ಅಣು ಇದನ್ನು ಸುಲಭವಾಗಿ ದಾಟದು ಎಂಬ ಸೂತ್ರವನ್ನು ಬಾಸ್ ಮತ್ತು ಮೈನಾರ್ಡಿ 2000ದಲ್ಲಿ ಮಂಡಿಸಿದರು. ಭಾರವೊಂದೇ ಸಾಲದು, ಅಣು ತೀರಾ ಜಿಡ್ಡಿನದೂ ಆಗಿರಬಾರದು, ತೀರಾ ನೀರಿನದೂ ಆಗಿರಬಾರದು.

ಗಡಿಸೀಮೆಯ ಬೆಳೆಗಳು, ಮೂರು ತೊಡಕುಗಳು

ಬೀದರ್, ಕಲಬುರಗಿಗೆ ಅಂಟಿಕೊಂಡ ತೆಲಂಗಾಣದ ಧಾರೂರು, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಸೀಮೆಯ ಬೆಳೆಗಳನ್ನೇ ತೆಗೆದುಕೊಂಡರೆ ತೊಡಕು ಸ್ಪಷ್ಟವಾಗುತ್ತದೆ. ಜಹೀರಾಬಾದ್ ಕಡೆ ಶುಂಠಿಯ ಜೊತೆಗೆ ಅರಿಸಿನವೂ ಬೆಳೆಯುತ್ತದೆ. ಅರಿಸಿನದ ಕರ್ಕ್ಯುಮಿನ್ ತೂಕ 368 ಡಾಲ್ಟನ್. ಭಾರದ ಲೆಕ್ಕದಲ್ಲಿ ಪಾಸು, ಆದರೆ ನೀರಿನಲ್ಲಿ ಕರಗುವುದಿಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ.

ಕುಸುಬೆಯದು ಇದಕ್ಕೆ ತಿರುಗುಮುರುಗು. ತಾಂಡೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ತೊಗರಿಯ ಜೊತೆಗೆ ಕುಸುಬೆಯ ಮೇಲೂ ಕೆಲಸ ನಡೆಯುತ್ತದೆ. ಹಿಂಗಾರಿನಲ್ಲಿ ಈ ಮುಳ್ಳುಗಿಡದ ಹೊಲಕ್ಕೆ ಇಳಿದವರಿಗೆ ಚರ್ಮ ಚುಚ್ಚುವುದೆಂದರೇನು ಎಂದು ಬೇರೆ ಹೇಳಬೇಕಾಗಿಲ್ಲ! ಎಣ್ಣೆಗೆಂದು ಬೆಳೆಯುವ ಇದರ ಹೂವಿನ ಎಸಳಿನಲ್ಲಿ ಹೈಡ್ರಾಕ್ಸಿ ಸ್ಯಾಫ್ಲರ್ ಯೆಲ್ಲೋ ಎ ಎಂಬ ಹಳದಿ ವಸ್ತುವಿದೆ. ಚೀನದಲ್ಲಿ ಕುಸುಬೆಯ ಈ ಹಳದಿಯನ್ನು ಹೃದ್ರೋಗಕ್ಕೆ ಇಂಜೆಕ್ಷನ್ ರೂಪದಲ್ಲಿ ಬಳಸುತ್ತಾರೆ. ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ತೂಕ ಮಾತ್ರ 612 ಡಾಲ್ಟನ್. ಮುಲಾಮಿನಲ್ಲಿ ಬೆರೆಸಿ ಹಚ್ಚಿದರೆ ಒಳಗೆ ಹೋಗುವ ಭರವಸೆ ಕಡಿಮೆ.

ಮೂರನೆಯದು ಹೊರಗಿನಿಂದ ಬಂದದ್ದು: ಹಸಿರು ಚಹಾದ ಉತ್ಕರ್ಷಣ ನಿರೋಧಕ ಇಜಿಸಿಜಿ, 458 ಡಾಲ್ಟನ್. ಇದು ದಾರಿಯಲ್ಲೇ ಗಾಳಿಗೆ ಉತ್ಕರ್ಷಣಗೊಂಡು ಕಂದಾಗುತ್ತದೆ.



ಸೂಜಿಯ ಚರಿತ್ರೆ

ಅಮೆರಿಕದ ಅಲ್ಜಾ ಕಂಪನಿಯ ಗರ್ಸ್ಟೆಲ್ ಮತ್ತು ಪ್ಲೇಸ್ ಇಂಥ ಸಾಧನಕ್ಕೆ 1976ರಲ್ಲೇ ಪೇಟೆಂಟ್ ಪಡೆದಿದ್ದರು. ಅಷ್ಟು ಸಣ್ಣ ಮೊನೆ ಕಡೆಯುವ ಉಪಕರಣ ಕೈಗೆ ಬರಲು ಎರಡು ದಶಕ ಹಿಡಿಯಿತು. 1998ರಲ್ಲಿ ಜಾರ್ಜಿಯಾ ಟೆಕ್‌ನ ಪ್ರಾಸ್ನಿಟ್ಸ್ ತಂಡ ಕಂಪ್ಯೂಟರ್ ಚಿಪ್ ಕೆತ್ತುವ ವಿಧಾನದಲ್ಲೇ 150 ಮೈಕ್ರೋಮೀಟರ್ ಉದ್ದದ ಸಿಲಿಕಾನ್ ಮೊನೆಗಳನ್ನು ಮಾಡಿ, ಪ್ರಯೋಗಾಲಯದಲ್ಲಿಟ್ಟ ಮಾನವ ಚರ್ಮದ ಪಾರಗಮ್ಯತೆ ಸಾವಿರಾರು ಪಟ್ಟು ಏರುವುದನ್ನು ತೋರಿಸಿತು.

ಸಿಲಿಕಾನ್ ಮುರಿದು ಚರ್ಮದಲ್ಲಿ ಉಳಿದರೆ? ಈ ಭಯದಿಂದ ಹುಟ್ಟಿದ್ದು ಕರಗುವ ಸೂಜಿ. 2005ರಲ್ಲಿ ಜಪಾನಿನ ಸಂಶೋಧಕರು ಮಾಲ್ಟೋಸ್ ಸಕ್ಕರೆಯ ಪಾಕವನ್ನು ಎರಕ ಹೊಯ್ದು ಮೊನೆ ಮಾಡಿದರು. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯನ್ನು ಅಚ್ಚಿಗೆ ಹೊಯ್ಯುವವರಿಗೆ ಇದರ ಸುಖದುಃಖ ಎರಡೂ ಅರ್ಥವಾಗುತ್ತವೆ: ಪಾಕದ ಬಿಸಿಗೆ ಸೂಕ್ಷ್ಮ ಔಷಧ ಕೆಡುತ್ತದೆ, ಮಳೆಗಾಲದ ತೇವಕ್ಕೆ ಮೊನೆ ಮೊಂಡಾಗುತ್ತದೆ. ಆದ್ದರಿಂದ ಮುಂದಿನವರು ಸಿಲಿಕೋನ್ ರಬ್ಬರಿನ ಅಚ್ಚಿಗೆ ಹಯಲುರಾನಿಕ್ ಆಮ್ಲ, ಪಾಲಿವಿನೈಲ್ ಪೈರೋಲಿಡೋನ್‌ಗಳ ದ್ರಾವಣ ಸುರಿದು, ನಿರ್ವಾತದಲ್ಲೋ ಸೆಂಟ್ರಿಫ್ಯೂಜ್ ತಿರುಗಿಸಿಯೋ ತುದಿಯವರೆಗೆ ತುಂಬಿಸಿ, ಬಿಸಿ ತಗುಲಿಸದೆ ಒಣಗಿಸುವ ದಾರಿ ಹಿಡಿದರು.

ಮೇಲೆ ಹೇಳಿದ ಗಡಿಸೀಮೆಗೆ ಹತ್ತಿರದ ಉದಾಹರಣೆ ಹೈದರಾಬಾದ್ ಹೊರವಲಯದ ಶಾಮೀರ್‌ಪೇಟೆಯದು. ಅಲ್ಲಿನ ಬಿಟ್ಸ್ ಪಿಲಾನಿ ಆವರಣದ ತಂಡ ಮೆಕ್ಕೆಜೋಳದ ಪ್ರೋಟೀನಾದ ಝೀನ್‌ನಿಂದ ಸೂಕ್ಷ್ಮಸೂಜಿ ಮಾಡಿ 2017, 2018ರಲ್ಲಿ ಪ್ರಕಟಿಸಿತು. ಅವರು ತುಂಬಿದ್ದು ಲಸಿಕೆಯ ಮಾದರಿ ಪ್ರೋಟೀನು ಮತ್ತು ಕ್ಯಾನ್ಸರ್ ಔಷಧಗಳನ್ನು, ಸಸ್ಯಸಾರವನ್ನಲ್ಲ. ಆದರೂ ಈ ವಿಷಯದಲ್ಲಿ ಝೀನ್‌ಗೆ ಹೆಚ್ಚು ತೂಕ ಸಲ್ಲಬೇಕು. ಅದು ನೀರಿನಲ್ಲಿ ಕರಗದೆ, ನೀರು ಬೆರೆಸಿದ ಆಲ್ಕೋಹಾಲಿನಲ್ಲಿ ಕರಗುತ್ತದೆ. ಕರ್ಕ್ಯುಮಿನ್ ಕೂಡ ಆಲ್ಕೋಹಾಲಿನಲ್ಲೇ ಕರಗುತ್ತದೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಬಹುದು.

ಸಾಕ್ಷ್ಯ

ತೈವಾನಿನ ಸಂಶೋಧಕರು 2021ರಲ್ಲಿ ಇಜಿಸಿಜಿ ಜೊತೆಗೆ ವಿಟಮಿನ್ ಸಿ ಸೇರಿಸಿದ ಕರಗುವ ಸೂಜಿಗಳನ್ನು ಅಟೋಪಿಕ್ ಡರ್ಮಟೈಟಿಸ್ ಎಂಬ ಚರ್ಮದ ಉರಿಯೂತ ಇದ್ದ ಇಲಿಗಳ ಮೇಲೆ ಬಳಸಿ ಗುಣ ಕಂಡರು. ಅಲ್ಲಿ ವಿಟಮಿನ್ ಸಿ ಇದ್ದದ್ದು ಇಜಿಸಿಜಿ ಕೆಡದಂತೆ ಕಾಯುವುದಕ್ಕೂ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್‌ ಅನ್ನು ಹಂದಿಯ ಚರ್ಮದ ಮೇಲೆ ಪರೀಕ್ಷಿಸಿದ ವರದಿ 2014ರದು. ಈ ಬಗೆಯ ಬಹುತೇಕ ಪುರಾವೆ ಇಲಿ, ಹಂದಿಗಳದೇ. ಸುಕ್ಕು ಹೋಗುತ್ತದೆ, ಮುಪ್ಪು ತಡೆಯುತ್ತದೆ ಎಂಬ ಜಾಹೀರಾತು ಈ ಪುರಾವೆಯನ್ನು ಮೀರಿದ್ದು.

ಒಳಗೆ ತಲುಪಿದ ಮಾತ್ರಕ್ಕೆ ಅಣು ಉಳಿಯುತ್ತದೆಂದೂ ಅಲ್ಲ. ದೇಹದ ತಾಪದಲ್ಲಿ, 7.2 ಪಿಎಚ್‌ನ ಬಫರ್ ದ್ರಾವಣದಲ್ಲಿ ಕರ್ಕ್ಯುಮಿನ್‌ನ ಸುಮಾರು ಶೇಕಡಾ 90 ಭಾಗ ಅರ್ಧ ಗಂಟೆಯಲ್ಲಿ ಒಡೆದುಹೋಗುತ್ತದೆ. ಮೊನೆಗಳಲ್ಲಿ ಹಿಡಿಸುವ ಮದ್ದೂ ಅತ್ಯಲ್ಪ.

ಎಚ್ಚರ

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಮೊಡವೆಯ ಗುರುತುಗಳಿಗಾಗಿ ಒಂದು ಸೂಜಿಯಂತ್ರಕ್ಕೆ ಅನುಮತಿ ಕೊಟ್ಟಿತು. ಆ ಅನುಮತಿ ಚುಚ್ಚುವುದಕ್ಕೆ, ಸೀರಮ್ ಒಳಗೆ ಇಳಿಸುವುದಕ್ಕಲ್ಲ. 2014ರ ಒಂದು ವೈದ್ಯಕೀಯ ವರದಿಯಲ್ಲಿ, ಮುಖಕ್ಕೆ ಸೂಜಿ ಚಿಕಿತ್ಸೆ ಮಾಡಿಸಿ ಸೌಂದರ್ಯವರ್ಧಕ ಹಚ್ಚಿಸಿಕೊಂಡ ಮೂವರು ಮಹಿಳೆಯರಿಗೆ ಗ್ರಾನ್ಯುಲೋಮಾ ಗಂಟುಗಳೆದ್ದ ವಿವರವಿದೆ. ಅವರಲ್ಲಿ ಇಬ್ಬರು ಹಚ್ಚಿಸಿಕೊಂಡದ್ದು ವಿಟಮಿನ್ ಸಿ ಸೀರಮ್. ಮೇಲೆ ಹಚ್ಚಲೆಂದು ಮಾಡಿದ ವಸ್ತುವಿನ ಸುವಾಸನೆ, ಸಂರಕ್ಷಕಗಳು ಒಳಗೆ ಹೊಕ್ಕರೆ ದೇಹ ಅದನ್ನು ಪರಕೀಯವೆಂದು ಕಾಣುತ್ತದೆ. ಅಡುಗೆಮನೆಯ ಅರಿಸಿನದಲ್ಲಂತೂ ಪಿಷ್ಟ, ಧೂಳು, ಸೂಕ್ಷ್ಮಜೀವಿ ಎಲ್ಲವೂ ಇರುತ್ತವೆ. ಮನೆಯಲ್ಲಿ ಡರ್ಮಾರೋಲರ್ ಎಂಬ ಮೊನೆಗಳ ಉರುಳೆ ಉರುಳಿಸಿದ ಮುಖಕ್ಕೆ ಅರಿಸಿನ ಕಲಸಿ ಹಚ್ಚಬೇಡಿ.