ಕುಡುಮಿ ಯಾರ ತಲೆಯ ಮೇಲೆ?

‘ಅವ್ನ್ ಬಿಡ್ಲಾ, ಕುಡುಮಿ. ನಮ್ ಸೆಟ್ಟಲ್ಲ’ ಅಂದ ಹೈಸ್ಕೂಲ್ ಹುಡುಗ, ಮಧುಗಿರಿ ಬಸ್ ನಿಲ್ದಾಣದಲ್ಲಿ. ಪಟಾಲಮ್ಮು, ಜೊತೆಗಾರರು, ಗುಂಪು ಎಲ್ಲ ಇರುವಾಗ ಈ ‘ಸೆಟ್ಟು’ ಯಾಕೋ! ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಸೆಟ್ಟೆಂದರೆ ಪಂಪ್‌ಸೆಟ್ಟು. ಇರಲಿ, ನನ್ನ ತಕರಾರು ಕುಡುಮಿಯದು.

ಜುಟ್ಟಿನ ಹೆಸರು ಪುಸ್ತಕ ಬಿಡದವನಿಗೆ ಅಂಟಿದ್ದು ಹೇಗೆ? ನಿಘಂಟಿನವರು ಏನಾದರೂ ಹೇಳಿಕೊಳ್ಳಲಿ. ತೂಕಡಿಸದಂತೆ ಜುಟ್ಟಿಗೆ ಹಗ್ಗ ಕಟ್ಟಿ ಜಂತೆಗೆ ಬಿಗಿದು ಓದುತ್ತಿದ್ದರಂತಲ್ಲ, ಅಲ್ಲಿಂದಲೇ ಬಂದಿರಬೇಕೆಂದು ನನ್ನ ಹಟ. ಈಗಂತೂ ಎರಡು ಜಡೆಯ ಹುಡುಗಿಯೂ ಕುಡುಮಿ.

ಜುಟ್ಟೆಂದ ಮೇಲೆ ಗಾದೆ ಬಿಡಲಾದೀತೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ನಮ್ಮ ಕಡೆ ಹಿಟ್ಟೆಂದರೆ ರಾಗಿಮುದ್ದೆ. ಅದೂ ಇಲ್ಲವೆಂದರೆ ಒಲೆಯೇ ಹೊತ್ತಿಲ್ಲ. ಎಲ್ಲರೂ ಇದನ್ನು ಒಣಜಂಬದ ಗಾದೆ ಅನ್ನುತ್ತಾರೆ. ನನಗೆ ಹಾಗೆ ಕಾಣದು. ಮನೆಯಲ್ಲಿ ಒಬ್ಬನೇ ಕೂತವನು ಹೂ ಮುಡಿಯುತ್ತಾನೆಯೆ? ಓರಗೆಯವರೆಲ್ಲ ಮುಡಿದು ಜಾತ್ರೆಗೆ ಹೊರಟಿದ್ದಾರೆ. ಇವನೊಬ್ಬ ಬರೀ ಜುಟ್ಟಲ್ಲಿ ಹೋದರೆ ಹಿಟ್ಟಿಲ್ಲದ್ದು ಊರಿಗೇ ಗೊತ್ತಾಗುತ್ತದೆ. ಹಸಿವು ಮುಚ್ಚಲಿಕ್ಕೇ ಮಲ್ಲಿಗೆ. ಗಾದೆ ಕಟ್ಟಿದವನಿಗೆ ಹದಿನೈದರ ಮಗನಿದ್ದಿರಬೇಕು.

ಈಗ ಮಲ್ಲಿಗೆಯ ಜಾಗಕ್ಕೆ ಕಟಿಂಗ್ ಬಂದಿದೆ. 2017ರಲ್ಲಿ ಸುದೀಪರ ‘ಹೆಬ್ಬುಲಿ’ ಸಿನಿಮಾ ಬಂತು. ಅದರಲ್ಲಿನ ಅವರ ಕಟಿಂಗ್ ಶಾಲೆಗಳಿಗೆಲ್ಲ ಎಷ್ಟು ಹಬ್ಬಿತೆಂದರೆ, ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಮುಖ್ಯಶಿಕ್ಷಕರು ಮಕ್ಕಳಿಗೆ ಅದನ್ನು ಮಾಡಬೇಡಿರೆಂದು ಕ್ಷೌರಿಕರಿಗೇ ಪತ್ರ ಬರೆದರು. ಕಿವಿಯ ಪಕ್ಕ ಬೋಳು, ನೆತ್ತಿಯಲ್ಲಿ ಕುಚ್ಚು. ಅದು ಕುಡುಮಿಯಲ್ಲದೆ ಮತ್ತೇನು ಸ್ವಾಮಿ? ಸಾಕ್ಷಾತ್ ಕುಡುಮಿ ಬಿಟ್ಟವರು ಎಣ್ಣೆ ಹಚ್ಚಿ ಬಾಚಿದವನನ್ನು ಕುಡುಮಿ ಅನ್ನುತ್ತಿದ್ದಾರೆ!

ಆ ಹೆಸರಿಗೆ ಹೆದರಿ ಉತ್ತರ ಗೊತ್ತಿದ್ದವನೂ ಕೈಯೆತ್ತುವುದಿಲ್ಲ. 625ಕ್ಕೆ 600 ತೆಗೆದವಳೂ ‘ಏನೂ ಓದಿರ್ಲಿಲ್ಲ ಕಣೇ’ ಅನ್ನಬೇಕು. ಪರೀಕ್ಷೆಯ ದಿನ ಮಾತ್ರ ಕುಡುಮಿಯ ಹಿಂದಿನ ಬೆಂಚಿಗೆ ಎಲ್ಲಿಲ್ಲದ ಬೆಲೆ. ಸೆಟ್ಟಿನವರೆಲ್ಲ ಅವತ್ತು ನೆಂಟರು. 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಸೇರಿಸಿ. ಪಾಪ, ಕುಡುಮಿಗಳಿಗೆ ಆ ಒಂದು ದಿನದ ನೆಂಟಸ್ತಿಕೆಯೂ ತಪ್ಪಿತು.