ಕೋಟೆಯೊಳಗಿನ ಊರು: ಬರಿದಾದ ಬಗೆ, ತುಂಬಿದ ಬಗೆ

ಶತಮಾನೋತ್ಸವವೆಂದರೆ ಕೇವಲ ವರ್ಷಗಳ ಎಣಿಕೆಯಲ್ಲ. ದೇವಾಲಯದ ಗೋಡೆಗಳಿಗೆ ನೂರು ವರ್ಷ ತುಂಬಿತೆಂದು ಹರ್ಷಿಸುವ ನಾವು, ಆ ಗೋಡೆಗಳ ಸುತ್ತ ಬಾಳಿದ ಜನರ ಓಣಿಗಳಿಗೆ ಏನಾಯಿತೆಂಬುದನ್ನೂ ನೆನೆಯಬೇಕಾಗುತ್ತದೆ. ಜನವಿಲ್ಲದ ಊರಿನಲ್ಲಿ ಗಂಟೆ ಬಾರಿಸಿ ಫಲವೇನು? ಆದಕಾರಣ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ವಿಜಾಪುರ ನಗರದ ಒಳಕೇರಿಗಳ ಚರಿತ್ರೆಯನ್ನೇ ವಿಷಯವಾಗಿ ಆರಿಸಿಕೊಂಡೆವು. 2014ರ ನವೆಂಬರ್ 1ರಿಂದ ಈ ನಗರದ ಅಧಿಕೃತ ಹೆಸರು ವಿಜಯಪುರ. ಹಳೆಯ ಹೆಸರು ನಾಲಗೆಯಿಂದ ಅಷ್ಟು ಬೇಗ ಮಾಸುವುದಿಲ್ಲವಾದುದರಿಂದ ವಾಚಕರು ನಮ್ಮನ್ನು ಕ್ಷಮಿಸಬೇಕು.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವೂ ಉಂಟು. ಹಳೆಯ ಪೇಟೆಯ ಓಣಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಒಂದೊಂದಾಗಿ ಉರುಳಿ, ಅವುಗಳ ಜಾಗದಲ್ಲಿ ಕೆಳಗೆ ಅಂಗಡಿ, ಮೇಲೆ ಕಚೇರಿ, ಅದರ ಮೇಲೆ ವಸತಿ ಎಂಬಂತೆ ಬಹುಮಹಡಿ ಕಟ್ಟಡಗಳು ತಲೆಯೆತ್ತುತ್ತಿವೆ. ಕೆಲವರು ಇದನ್ನು ಅಭಿವೃದ್ಧಿಯೆಂದು ಕೊಂಡಾಡುತ್ತಾರೆ. ಇನ್ನು ಕೆಲವರು ಊರಿನ ಅಳಿವೆಂದು ಶೋಕಿಸುತ್ತಾರೆ. ಚರಿತ್ರೆಯನ್ನು ಸಾವಧಾನವಾಗಿ ಪರಿಶೀಲಿಸಿದರೆ ಈ ಎರಡು ಮಾತುಗಳೂ ಅರ್ಧಸತ್ಯಗಳೆಂದು ತೋರುತ್ತದೆ. ಒತ್ತಾಗಿ ನೆಲೆಸುವುದು ಈ ಊರಿಗೆ ಹೊಸದಲ್ಲ. ಹೊಸದಾಗಿರುವುದು ಬೇರೊಂದು ಭಯ: ಓಣಿ ಎತ್ತರವಾದಾಗ ಓಣಿಯವರು ಅಲ್ಲಿ ಉಳಿಯುವರೇ ಎಂಬುದು.

ಆದಿಲಶಾಹಿ ಅರಸರ ರಾಜಧಾನಿಯಾಗಿದ್ದ ಕಾಲದಲ್ಲಿ ಈ ನಗರವು ಅತ್ಯಂತ ಜನಭರಿತವಾಗಿತ್ತು. 1565ರ ರಕ್ಕಸಗಿ-ತಂಗಡಗಿ ಯುದ್ಧದ ಕಾಲದಲ್ಲಿ ಒಂದನೆಯ ಅಲಿ ಆದಿಲಶಹನು ಊರಿನ ಸುತ್ತ ಕಲ್ಲಿನ ಕೋಟೆಯನ್ನು ಕಟ್ಟಿಸಿದನು. ಅದರ ಸುತ್ತಳತೆ ಸುಮಾರು ಹತ್ತು ಕಿಲೋಮೀಟರು. ಮೆಕ್ಕಾ, ಶಹಾಪುರ, ಬಹಮನಿ, ಅಲಿಪುರ, ಮಂಗೋಳಿ ಎಂಬ ಐದು ಹೆಬ್ಬಾಗಿಲುಗಳು ಅದಕ್ಕಿದ್ದವು. ನಡುವೆ ಅರಕಿಲ್ಲೆ, ಅದರ ಸುತ್ತ ಪೇಟೆಗಳು. 1604ರ ಸುಮಾರಿಗೆ ಅಕ್ಬರ್ ಬಾದಶಹನ ರಾಯಭಾರಿಯಾಗಿ ಬಂದ ಅಸದ್ ಬೇಗನು ಇಲ್ಲಿಯ ಪೇಟೆಬೀದಿಯು ಮೂವತ್ತು ಗಜ ಅಗಲ, ಎರಡು ಹರದಾರಿಯಷ್ಟು ಉದ್ದವಿತ್ತೆಂದೂ, ಪ್ರತಿಯೊಂದು ಅಂಗಡಿಯ ಮುಂದೆ ಹಸಿರು ಮರವೊಂದಿತ್ತೆಂದೂ, ಬೀದಿಯು ಬಹು ನಿರ್ಮಲವಾಗಿತ್ತೆಂದೂ ಬರೆದಿಟ್ಟಿದ್ದಾನೆ. ರತ್ನಪಡಿ ವ್ಯಾಪಾರಿಗಳೂ ಆಯುಧಗಾರರೂ ರೊಟ್ಟಿ ಸುಡುವವರೂ ಒಂದೇ ಬೀದಿಯಲ್ಲಿ ಸಾಲಾಗಿದ್ದರು. ಎತ್ತರವೂ ಆ ಕಾಲಕ್ಕೆ ಅಪರಿಚಿತವಾಗಿರಲಿಲ್ಲ. ಅರಕಿಲ್ಲೆಯೊಳಗಿನ ಸಾತ್ ಮಂಜಿಲ್ ಎಂಬ ಅರಮನೆಯ ಹೆಸರಿನ ಅರ್ಥವೇ ಏಳಂತಸ್ತು.

ಇಷ್ಟು ಜನರು ಒತ್ತಾಗಿ ಬಾಳಲು ಸಾಧ್ಯವಾದದ್ದು ಹೇಗೆ? ಇದಕ್ಕೆ ಉತ್ತರವನ್ನು ಗೋಡೆಗಳಲ್ಲಿ ಹುಡುಕಬಾರದು, ನೆಲದಡಿಯಲ್ಲಿ ಹುಡುಕಬೇಕು. ಪಶ್ಚಿಮಕ್ಕಿರುವ ತೊರವಿಯಿಂದ ನೆಲದೊಳಗಿನ ಸುರಂಗ ಕಾಲುವೆಯ ಮೂಲಕ ನಗರಕ್ಕೆ ನೀರು ಹರಿದುಬರುತ್ತಿತ್ತು. 1651ರಲ್ಲಿ ಮಹಮ್ಮದ್ ಆದಿಲಶಹನು ದಕ್ಷಿಣದಲ್ಲಿ ಬೇಗಂ ತಲಾಬನ್ನು ಕಟ್ಟಿಸಿದನು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಸಾಗಿಬಂದ ನೀರು ಒತ್ತಡದಿಂದ ಕೊಳವೆಗಳನ್ನು ಒಡೆಯದಿರಲೆಂದು ಅಲ್ಲಲ್ಲಿ ಎತ್ತರದ ಗಂಜುಗಳನ್ನು ನಿಲ್ಲಿಸಲಾಗಿತ್ತು. ಅವುಗಳಲ್ಲಿ ಕೆಲವು ಇಂದಿಗೂ ಓಣಿಗಳ ನಡುವೆ ಒಂಟಿಯಾಗಿ ನಿಂತಿವೆ. ಮೆಕ್ಕಾ ಬಾಗಿಲಿನ ಬಳಿಯ ತಾಜ್ ಬಾವಡಿಯೂ ಚಾಂದ್ ಬಾವಡಿಯೂ ಇತರ ನೂರಾರು ಬಾವಿಗಳೂ ಇದೇ ವ್ಯವಸ್ಥೆಯ ಅಂಗಗಳು. ಮೊದಲು ನೀರು, ಆಮೇಲೆ ಮಹಡಿ ಎಂಬುದು ಆ ಕಾಲದ ಶಿಲ್ಪಿಗಳ ಕ್ರಮವಾಗಿತ್ತು. ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ನಗರವನ್ನು ಹೊರಕ್ಕೆ ಹಿಗ್ಗಿಸುವ ಪ್ರಯತ್ನವೂ ಆಗಲೇ ನಡೆದಿತ್ತು. 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಹನು ತೊರವಿಯ ಬಳಿ, ಅಂದರೆ ಇಂದಿನ ತಿಕೋಟಾ ಮಾರ್ಗದಲ್ಲಿ, ನವರಸಪುರವೆಂಬ ಹೊಸ ನಗರಕ್ಕೆ ಅಡಿಪಾಯ ಹಾಕಿದನು. ಸಂಗೀತಪ್ರಿಯನಾದ ಆ ಅರಸನ ಕನಸಿನ ಊರು ಅದು. ಅದರ ಕೋಟೆ ಪೂರ್ಣವಾಗಲೇ ಇಲ್ಲ. 1624ರಲ್ಲಿ ಮಲಿಕ್ ಅಂಬರನು ದಂಡೆತ್ತಿ ಬಂದಾಗ, ಹಳೆಯ ನಗರವು ತನ್ನ ಕೋಟೆಯ ಬಲದಿಂದ ಉಳಿದುಕೊಂಡಿತು, ಹೊಸ ನಗರವು ಸೂರೆಹೋಯಿತು. ಇಂದು ಅಲ್ಲಿ ಸಂಗೀತ ಮಹಲಿನ ಕಮಾನುಗಳು ಬಯಲನ್ನು ನೋಡುತ್ತ ನಿಂತಿವೆ.

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನು ನಗರವನ್ನು ವಶಪಡಿಸಿಕೊಂಡನು. ಕೆಲವೇ ವರ್ಷಗಳಲ್ಲಿ ಪ್ಲೇಗು ಮಾರಿ ಬಡಿಯಿತು. ರಾಜಾಶ್ರಯ ಹೋಯಿತು, ಕುಶಲಕರ್ಮಿಗಳು ಚದುರಿದರು, ನೀರಿನ ಕೊಳವೆಗಳನ್ನು ದುರಸ್ತಿ ಮಾಡುವವರಿಲ್ಲವಾದರು. ನಿಜಾಮರ ಕೈಯಿಂದ 1760ರಲ್ಲಿ ಪೇಶ್ವೆಯವರಿಗೂ, 1818ರಲ್ಲಿ ಸಾತಾರೆಯ ಅರಸರಿಗೂ, 1848ರಲ್ಲಿ ಇಂಗ್ಲಿಷರಿಗೂ ಈ ಪ್ರದೇಶವು ಹಸ್ತಾಂತರವಾಗುತ್ತ ಹೋಯಿತು. ಧ್ವಜಗಳು ಬದಲಾದವು, ಓಣಿಗಳು ಬರಿದಾಗಿಯೇ ಉಳಿದವು. ಕೋಟೆಯೊಳಗೆ ಜಾಲಿ ಬೆಳೆಯಿತು. ಮನೆಗಳು ಬಿದ್ದು ದಿಬ್ಬಗಳಾದವು. ಊರನ್ನು ಕೊಂದದ್ದು ಫಿರಂಗಿ ಮಾತ್ರವಲ್ಲ, ಜೀವನೋಪಾಯದ ನಾಶವೂ ಹೌದು.

ಮತ್ತೆ ತುಂಬಿಕೊಂಡದ್ದು 19ನೆಯ ಶತಮಾನದ ಕೊನೆಯಲ್ಲಿ. 1884ರಲ್ಲಿ ರೈಲುಮಾರ್ಗವು ಬಂದಿತು. 1885ರಲ್ಲಿ ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಿಂದ ಇಲ್ಲಿಗೆ ಸ್ಥಳಾಂತರಗೊಂಡಿತು. ಸರ್ಕಾರವು ಪಾಳುಬಿದ್ದ ಮಹಲುಗಳನ್ನೇ ದುರಸ್ತಿ ಮಾಡಿ ಕಚೇರಿಗಳನ್ನಾಗಿಯೂ ಅಧಿಕಾರಿಗಳ ವಸತಿಗಳನ್ನಾಗಿಯೂ ಮಾಡಿಕೊಂಡಿತು. ಇದರಲ್ಲಿ ವಿವೇಕವೂ ಇತ್ತು, ಅವಿವೇಕವೂ ಇತ್ತು. ಹಳೆಯ ಗೋಡೆಗಳಿಗೆ ಹೊಸ ಪ್ರಾಣ ಬಂದುದು ವಿವೇಕ. ಒಂದು ಮಸೀದಿಯಲ್ಲಿ ಪ್ರವಾಸಿ ಬಂಗಲೆ, ಇನ್ನೊಂದರಲ್ಲಿ ಅಂಚೆ ಕಚೇರಿ ಎಂಬಂತೆ ಪ್ರಾರ್ಥನಾ ಸ್ಥಳಗಳನ್ನೂ ಬಿಡದೆ ಬಳಸಿಕೊಂಡದ್ದು ಅವಿವೇಕ. ಲಾರ್ಡ್ ಕರ್ಜನ್ನನು ಇದನ್ನು ಆಕ್ಷೇಪಿಸಿ ಅವುಗಳನ್ನು ತೆರವು ಮಾಡಿಸಿದನು, ಮತ್ತು 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆಯನ್ನು ಜಾರಿಗೆ ತಂದನು. ಪರರ ಪೂಜಾಸ್ಥಳದ ಗೌರವವನ್ನು ಕಾಯುವುದು ನಮ್ಮ ಪೂಜಾಸ್ಥಳದ ಗೌರವವನ್ನು ಕಾಯುವುದಕ್ಕಿಂತ ಬೇರೆಯಲ್ಲವೆಂದು ನಾವು ಇಲ್ಲಿ ಹೇಳಬಯಸುತ್ತೇವೆ.

1901ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 24 ಸಾವಿರ. 2011ರಲ್ಲಿ ಅದು ಮೂರು ಲಕ್ಷವನ್ನು ಮೀರಿತು. 2013ರಲ್ಲಿ ನಗರಸಭೆಯು ಮಹಾನಗರ ಪಾಲಿಕೆಯಾಯಿತು. ಈ ಬೆಳವಣಿಗೆಯ ಬಹುಪಾಲು ಕೋಟೆಯ ಹೊರಕ್ಕೆ, ರಸ್ತೆಗಳ ಗುಂಟ ಹರಡಿತು. ಪಶ್ಚಿಮದಲ್ಲಿ ತಿಕೋಟಾದ ಕಡೆಗೂ ನೈಋತ್ಯದಲ್ಲಿ ಬಬಲೇಶ್ವರದ ಕಡೆಗೂ ಹೋಗುವವರು, ಹೊಲದಲ್ಲಿ ಕಲ್ಲು ನೆಟ್ಟು ನಿವೇಶನಗಳನ್ನು ಗುರುತು ಮಾಡಿರುವುದನ್ನು ಕಾಣುತ್ತಾರೆ. ತಿಕೋಟಾ ಸೀಮೆಯ ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಡಿನಲ್ಲೆಲ್ಲ ಹೆಸರಾಗಿವೆ. ಡೋಣಿಯ ಎರೆಭೂಮಿ ಬೆಳೆದರೆ ಓಣಿಯೆಲ್ಲ ಜೋಳ ಎಂಬರ್ಥದ ಗಾದೆಯನ್ನು ನಮ್ಮ ರೈತರು ಇಂದಿಗೂ ಆಡುತ್ತಾರೆ. ಈಚೆಗೆ ತಾಲ್ಲೂಕು ಕೇಂದ್ರಗಳಾದ ಈ ಎರಡು ಊರುಗಳೂ ತಮ್ಮ ಕಾಲಮೇಲೆ ತಾವು ಬೆಳೆಯಲಿ. ಆದರೆ ನಡುವಣ ಹೊಲಗಳನ್ನು ನಗರವು ನುಂಗುತ್ತ ಹೋದರೆ, ಮುಂದಿನ ಪೀಳಿಗೆಗೆ ನಾವು ಮನೆಯನ್ನು ಕೊಟ್ಟು ರೊಟ್ಟಿಯನ್ನು ಕಸಿದುಕೊಂಡಂತಾಗುತ್ತದೆ. ಆದಕಾರಣ, ಊರೊಳಗಿನ ಬರಿದಾದ ಜಾಗಗಳನ್ನೇ ತುಂಬಬೇಕು, ಅಂಗಡಿಯೂ ಮನೆಯೂ ಒಂದೇ ಸೂರಿನಡಿ ಇರಬೇಕೆಂಬ ವಾದವನ್ನು ನಾವು ತಳ್ಳಿಹಾಕಲಾರೆವು.

ಹಾಗಾದರೆ ಅಡ್ಡಿ ಯಾವುದು? ಮೊದಲನೆಯದು ಕಾನೂನು. 1958ರ ಸ್ಮಾರಕ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ ಇನ್ನೂರು ಮೀಟರು ನಿಯಂತ್ರಿತ ವಲಯ. ಹೆಜ್ಜೆಹೆಜ್ಜೆಗೂ ಸ್ಮಾರಕವಿರುವ ನಮ್ಮ ಊರಿನಲ್ಲಿ ಇದರ ಪರಿಣಾಮವನ್ನು ಊಹಿಸಬಹುದು. ಗೋಲಗುಂಬಜದ ನೆತ್ತಿಯನ್ನು ಮರೆಮಾಡುವ ಗೋಪುರ ಏಳದಿರುವುದು ಒಳ್ಳೆಯದೇ. ಆದರೆ ಸೋರುವ ಮಾಳಿಗೆಯ ಬಡವನಿಗೆ ಅನುಮತಿಯ ಕಾಗದಪತ್ರಗಳೇ ಒಂದು ಕೋಟೆಗೋಡೆಯಾಗುವುದು ಒಳ್ಳೆಯದಲ್ಲ.

ಎರಡನೆಯ ಅಡ್ಡಿ ಇನ್ನೂ ಸೂಕ್ಷ್ಮವಾದುದು. ನಮ್ಮ ಗುರುಸೇವೆಯ ವರ್ಷಗಳಲ್ಲಿ ಕುಟುಂಬಭೇಟಿಗೆಂದು ಅನೇಕ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿದ್ದೇವೆ. ಕೆಳಗೆ ಹೊಲಿಗೆಯ ಯಂತ್ರ, ಮೇಲೆ ಒಲೆ, ನಡುವೆ ಮಕ್ಕಳ ಪುಸ್ತಕದ ಚೀಲ. ಅಂಥ ಒಂದು ಮನೆಯ ಮಾಲೀಕರು ಕಟ್ಟಡವನ್ನು ಕೆಡವಿ ಮೇಲೆತ್ತಲು ನಿಶ್ಚಯಿಸಿದಾಗ, ಬಾಡಿಗೆಗಿದ್ದ ದರ್ಜಿಯ ಕುಟುಂಬಕ್ಕೆ ಸಲ್ಪ ಹಣ ಸಿಕ್ಕಿತು. ಅವರು ದೂರದ ಬಡಾವಣೆಗೆ ಹೋದರು. ಮನೆ ಮೊದಲಿಗಿಂತ ಚೆನ್ನಾಗಿತ್ತು, ಗಾಳಿ ಬೆಳಕು ಧಾರಾಳವಾಗಿತ್ತು. ಆದರೆ ಹೊಲಿಸಿಕೊಳ್ಳಲು ಬರುವವರು ಯಾರೂ ಇರಲಿಲ್ಲ. ಎರಡೇ ವರ್ಷದಲ್ಲಿ ಆ ಯಂತ್ರ ಮಾರಾಟವಾಯಿತು. ಅವರಿಗೆ ಯಾರೂ ಅನ್ಯಾಯ ಮಾಡಲಿಲ್ಲವೆಂದು ಕಾಗದಗಳು ಹೇಳುತ್ತವೆ. ನಾವು ಆಗ ಸಾಂತ್ವನ ಹೇಳಿದೆವೇ ಹೊರತು, ಕೆಡವುವ ಮೊದಲು ಮಾಲೀಕರೊಡನೆ ಒಂದು ಮಾತು ಆಡಲಿಲ್ಲ. ಇದನ್ನು ಇಲ್ಲಿ ಒಪ್ಪಿಕೊಳ್ಳುವುದು ಯುಕ್ತವೆಂದು ತಿಳಿದಿದ್ದೇವೆ.

ಇತರ ನಗರಗಳು ಈ ಪ್ರಶ್ನೆಯನ್ನು ಹೇಗೆ ಎದುರಿಸಿವೆ ಎಂಬುದನ್ನೂ ನೋಡೋಣ. ಕೆಂಪೇಗೌಡರು 1537ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಪೇಟೆಯಲ್ಲಿ ಅಂಗಡಿಯೂ ಮನೆಯೂ ಒಂದಾಗಿದ್ದವು. 1898ರ ಪ್ಲೇಗಿನ ಅನಂತರ ಉಳ್ಳವರು ಬಸವನಗುಡಿ, ಮಲ್ಲೇಶ್ವರಗಳ ಕಡೆಗೆ ಹೊರಟರು. ಪೇಟೆಯಲ್ಲಿ ವ್ಯಾಪಾರ ಉಳಿಯಿತು, ವಸತಿ ಕ್ರಮೇಣ ತೆಳುವಾಯಿತು. ಮುಂಬಯಿಯ ಭೇಂಡಿ ಬಜಾರಿನಲ್ಲಿ ಬೇರೊಂದು ಪ್ರಯೋಗ ನಡೆದಿದೆ. 2009ರಲ್ಲಿ ಬೋಹರಾ ಸಮಾಜದವರು ಸ್ಥಾಪಿಸಿದ ವಿಶ್ವಸ್ತ ಮಂಡಳಿಯೊಂದು, ಹದಿನಾರೂವರೆ ಎಕರೆಯಲ್ಲಿದ್ದ ಸುಮಾರು 250 ಶಿಥಿಲ ಕಟ್ಟಡಗಳನ್ನು ತೆಗೆದು ಗೋಪುರಗಳನ್ನು ಕಟ್ಟಲು ಮುಂದಾಯಿತು. ಅಲ್ಲಿದ್ದ ಸುಮಾರು 3,200 ಕುಟುಂಬಗಳಿಗೂ 1,250 ಅಂಗಡಿಗಳಿಗೂ ಅದೇ ಜಾಗದಲ್ಲಿ ಮರಳಿ ನೆಲೆ ಕೊಡಬೇಕೆಂಬುದು ಅದರ ಸಂಕಲ್ಪ. ಕಾರ್ಯವು ನಿಧಾನವಾಗಿ ಸಾಗಿದೆ. ಅನೇಕರು ವರ್ಷಗಟ್ಟಲೆ ತಾತ್ಕಾಲಿಕ ವಸತಿಯಲ್ಲಿ ಕಾಯಬೇಕಾಯಿತು. ಆದರೂ ಬಾಡಿಗೆದಾರನನ್ನು ಲೆಕ್ಕದಿಂದ ಹೊರಗಿಡದ ಆ ಸಂಕಲ್ಪವು ಗಮನಾರ್ಹವಾದುದು.

ನಗರಯೋಜಕರಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಪಂಡಿತರನ್ನು ಇಲ್ಲಿ ಸ್ಮರಿಸದಿರಲಾಗದು. 1914ರಲ್ಲಿ ಭಾರತಕ್ಕೆ ಬಂದ ಅವರು, 1915ರಲ್ಲಿ ನಮ್ಮ ಜಿಲ್ಲೆಯೂ ಸೇರಿದ್ದ ಆಗಿನ ಮುಂಬಯಿ ಪ್ರಾಂತದ ಹಲವು ಊರುಗಳ ಬಗ್ಗೆ ವರದಿಗಳನ್ನು ಬರೆದರು. ಇಕ್ಕಟ್ಟಾದ ಓಣಿಯನ್ನು ನೆಲಸಮ ಮಾಡುವುದು ಪರಿಹಾರವಲ್ಲ. ಅತ್ಯಂತ ಶಿಥಿಲವಾದ ಒಂದೆರಡು ಮನೆಗಳನ್ನು ಮಾತ್ರ ತೆಗೆದು ಗಾಳಿಬೆಳಕಿಗೆ ದಾರಿ ಮಾಡಿ, ಉಳಿದುದನ್ನು ದುರಸ್ತಿಗೊಳಿಸಬೇಕು ಎಂಬುದು ಅವರ ಬೋಧೆ. ಅದಕ್ಕೂ ಮೊದಲು, 1880ರ ದಶಕದಲ್ಲಿ, ಎಡಿನ್‌ಬರೋ ನಗರದ ಹಳೆಯ ಕೊಳಕು ಕೇರಿಯಲ್ಲಿ ಪತ್ನೀಸಮೇತರಾಗಿ ತಾವೇ ವಾಸಮಾಡಿ ಅವರು ಈ ಪಾಠವನ್ನು ಕಲಿತಿದ್ದರು. ದೂರದಲ್ಲಿ ಕುಳಿತು ನಕ್ಷೆ ಬರೆದವರಲ್ಲ.

ಪವಿತ್ರ ಗ್ರಂಥದ ನೆಹೆಮೀಯನ ವೃತ್ತಾಂತವು ನಮ್ಮ ಭಕ್ತಾದಿಗಳಿಗೆ ತಿಳಿದೇ ಇದೆ. ಜೆರುಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಯಾದ ಮೇಲೂ ಊರು ವಿಶಾಲವಾಗಿತ್ತು, ಜನರು ಮಾತ್ರ ವಿರಳವಾಗಿದ್ದರು. ಆಗ ಚೀಟಿ ಹಾಕಿ ಹತ್ತರಲ್ಲಿ ಒಬ್ಬರನ್ನು ಒಳಗೆ ನೆಲೆಗೊಳಿಸಲಾಯಿತು. ಗೋಡೆ ಕಟ್ಟಿದ ಮಾತ್ರಕ್ಕೆ ಊರಾಗುವುದಿಲ್ಲವೆಂದು ಆ ಪುರಾತನರು ಅರಿತಿದ್ದರು.

ನಾವೂ ಹಾಗೆಯೇ ಅರಿಯಬೇಕು. ಒಳಕೇರಿಯಲ್ಲಿ ಕಟ್ಟಡ ಏಳುವಾಗ ಮೂರು ಪ್ರಶ್ನೆಗಳನ್ನು ಕೇಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ. ಮಹಡಿಗೆ ಮೊದಲು ನೀರು ಬಂದಿದೆಯೇ? ಕುಡಿಯುವ ನೀರಿಗೆ ಬಹುಮಟ್ಟಿಗೆ ಕೃಷ್ಣೆಯನ್ನೇ ನೆಚ್ಚಿರುವ, ಬೇಸಿಗೆಯಲ್ಲಿ ಬಾಯಾರುವ ಊರು ನಮ್ಮದು. ಹಿರಿಯರು ಬಿಟ್ಟುಹೋದ ಸ್ಮಾರಕಕ್ಕೆ ಧಕ್ಕೆಯಿಲ್ಲವೇ? ಕೊನೆಯದಾಗಿ, ಕೆಡವುವ ದಿನ ಅಲ್ಲಿದ್ದ ದರ್ಜಿಯೂ ಚಮ್ಮಾರನೂ ಹೂ ಮಾರುವ ವಿಧವೆಯೂ ಕಟ್ಟಿ ಮುಗಿದ ದಿನ ಅಲ್ಲಿರುವರೇ? ಈ ನಗರವು ಒಮ್ಮೆ ಬರಿದಾದದ್ದು ಕೆಲಸಗಾರರು ಹೊರಟುಹೋದುದರಿಂದ. ಎರಡನೆಯ ಸಲ ಅದು ಎತ್ತರದ ಕಟ್ಟಡಗಳ ನಡುವೆಯೇ ಬರಿದಾಗಬಾರದು. ನಮ್ಮ ಧರ್ಮಕೇಂದ್ರದಲ್ಲಿ ಮನೆಮಾಲೀಕರೂ ಇದ್ದಾರೆ, ಬಾಡಿಗೆದಾರರೂ ಇದ್ದಾರೆ. ಒಂದೇ ಬಲಿಪೀಠದ ಸುತ್ತ ನೆರೆಯುವ ಅವರು, ಓಣಿಯ ವಿಷಯದಲ್ಲಿಯೂ ಕೆಡವುವ ಮೊದಲೇ ಕೂಡಿ ಕುಳಿತು ಮಾತನಾಡುವಂತಾದರೆ, ಈ ಉತ್ಸವವು ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.