ದಿನಾಂಕ ಯಾರ ಕೈಯಲ್ಲಿದೆ? ಕರ್ನಾಟಕದ ಹಳ್ಳಿ ಚುನಾವಣೆಗಳು ನಡೆದು ಬಂದ ದಾರಿ

2020ರ ಡಿಸೆಂಬರ್ 30ರಂದು ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲಿ ಗ್ರಾಮ ಪಂಚಾಯಿತಿ ಮತ ಎಣಿಕೆ ನಡೆಯಿತು. ಬೀದರ್ ಜಿಲ್ಲೆಯಲ್ಲಿ ಮಾತ್ರ ಮತಯಂತ್ರ, ಉಳಿದೆಡೆ ಮತಪತ್ರ. ಪೆಟ್ಟಿಗೆ ಒಡೆದು, ಚೀಟಿ ಬಿಡಿಸಿ, ಕಟ್ಟು ಕಟ್ಟಿ ಎಣಿಸುವ ಹಳೆಯ ಕ್ರಮ. ಕೊರೊನಾ ಇನ್ನೂ ಹೋಗಿರಲಿಲ್ಲ. ಆದರೂ ಕಾಲೇಜು ಮೈದಾನಗಳ ಹೊರಗೆ ಟ್ರ್ಯಾಕ್ಟರ್‌ಗಳಲ್ಲಿ, ಟೆಂಪೊಗಳಲ್ಲಿ ಬಂದವರು ರಾತ್ರಿಯವರೆಗೂ ನಿಂತಿದ್ದರು. ಒಂದು ಮತ, ಎರಡು ಮತದ ಅಂತರದಲ್ಲಿ ಗೆದ್ದವರಿದ್ದರು, ಸಮಬಲವಾಗಿ ಚೀಟಿ ಎತ್ತಿಸಿಕೊಂಡವರಿದ್ದರು. ವಿಧಾನಸಭೆಗೆ ಮತ ಹಾಕಲು ಬೇಸರಪಡುವ ಹಳ್ಳಿಗನೂ ಪಂಚಾಯಿತಿ ಚುನಾವಣೆಗೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತುತ್ತಾನೆ. ನಿಂತವರು ಅವನ ಬೀದಿಯವರು, ಗೆದ್ದವರು ನಾಳೆ ನಲ್ಲಿ ಹತ್ತಿರ ಸಿಗುವವರು.

ಇಷ್ಟು ಆಸೆಯಿಂದ ಜನ ಕಾಯುವ ಚುನಾವಣೆ ಯಾವಾಗ ನಡೆಯಬೇಕೆಂಬುದು ಮಾತ್ರ ಎಂದೂ ಅವರ ಕೈಯಲ್ಲಿರಲಿಲ್ಲ. ನಮ್ಮ ಸ್ಥಳೀಯ ಚುನಾವಣೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕಾಯಿದೆಗಳ ಚರಿತ್ರೆಯಾಗಿ ಬರೆಯುತ್ತೇವೆ. ನಡೆದ ಚುನಾವಣೆಗಳ ಜೊತೆಗೆ ನಡೆಯದೆ ಉಳಿದವುಗಳನ್ನೂ ಇಟ್ಟು ನೋಡಿದರೆ ಕಥೆ ಬೇರೆಯಾಗುತ್ತದೆ.

ಆರಂಭ ದೂರದ್ದು. 1882ರಲ್ಲಿ ವೈಸರಾಯ್ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. ಅದರ ಬೆನ್ನಿಗೇ 1884ರಲ್ಲಿ ಮದ್ರಾಸ್ ಮತ್ತು ಮುಂಬಯಿ ಪ್ರಾಂತ್ಯಗಳೆರಡೂ ಲೋಕಲ್ ಬೋರ್ಡುಗಳ ಕಾಯಿದೆ ಮಾಡಿದವು. ಹಾಗಾಗಿ ಮಂಗಳೂರು, ಬಳ್ಳಾರಿ ಕಡೆಯ ಕನ್ನಡಿಗರು ಮದ್ರಾಸಿನ ಕಾನೂನಿನಡಿ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರು ಮುಂಬಯಿ ಕಾನೂನಿನಡಿ ಬೋರ್ಡುಗಳನ್ನು ಕಂಡರು. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಲೋಕಲ್ ಬೋರ್ಡುಗಳ ಶಾಸನ ಬಂತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷವಾದ 1918ರಲ್ಲಿ ಗ್ರಾಮ ಪಂಚಾಯಿತಿಗಳನ್ನೂ ಒಳಗೊಂಡ ಶಾಸನ ಬಂತು. 1926ರಲ್ಲಿ ಜಿಲ್ಲಾ ಬೋರ್ಡು ಮತ್ತು ಗ್ರಾಮ ಪಂಚಾಯಿತಿಗಳಿಗೆ ಬೇರೆಬೇರೆ ಕಾನೂನುಗಳಾದವು. ನಿಜಾಮರ ಆಡಳಿತದ ಕಲಬುರಗಿ, ರಾಯಚೂರು, ಬೀದರ್ ಭಾಗದಲ್ಲಿ ಚುನಾವಣೆಯ ಅನುಭವ ಎಲ್ಲರಿಗಿಂತ ಕಡಿಮೆ.

ಈ ಬೋರ್ಡುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮತ ಆಸ್ತಿಗೂ ತೆರಿಗೆಗೂ ಅಂಟಿಕೊಂಡಿತ್ತು. ಸದಸ್ಯರಲ್ಲಿ ಸರ್ಕಾರ ನೇಮಿಸಿದವರೂ ಇರುತ್ತಿದ್ದರು. ಊರಿನಲ್ಲಿ ಪಟೇಲ, ಶಾನುಭೋಗರ ಮಾತೇ ಮಾತು. ರಸ್ತೆ, ಛತ್ರ, ಪ್ರಾಥಮಿಕ ಶಾಲೆ, ಬಾವಿ, ಸಿಡುಬಿನ ವಿರುದ್ಧ ಲಸಿಕೆ ಇವುಗಳಲ್ಲಿ ಬೋರ್ಡುಗಳು ಮಾಡಿದ ಕೆಲಸ ಸಣ್ಣದಲ್ಲ. ಆದರೆ ಹೊಲಗೇರಿಯ ಮನುಷ್ಯ, ಗೇಣಿದಾರ, ಹೆಂಗಸು ಇವರು ಆ ಕಥೆಯೊಳಗೆ ಇರಲಿಲ್ಲ ಎಂಬುದೂ ಅಷ್ಟೇ ನಿಜ.

1956ರಲ್ಲಿ ನಾಡು ಒಂದಾದಾಗ ಮೈಸೂರು, ಮುಂಬಯಿ, ಮದ್ರಾಸ್, ಹೈದರಾಬಾದ್, ಕೊಡಗು ಎಂದು ಐದು ಬಗೆಯ ಪಂಚಾಯಿತಿಗಳು ಒಂದೇ ರಾಜ್ಯದ ಪಾಲಿಗೆ ಬಂದವು. ಅವನ್ನು ಒಂದು ಅಚ್ಚಿಗೆ ತಂದದ್ದು 1959ರ ಕಾಯಿದೆ. ಗ್ರಾಮ ಪಂಚಾಯಿತಿ, ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತ. ಮೊದಲೆರಡಕ್ಕೆ ಚುನಾವಣೆ. ಜಿಲ್ಲಾ ಹಂತದ್ದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿದ್ದ ಸಲಹಾ ಸಭೆ ಮಾತ್ರ. ಹಳೆಯ ತಲೆಮಾರಿನವರು ಇಂದಿಗೂ 'ತಾಲ್ಲೂಕು ಬೋರ್ಡು' ಎನ್ನುವುದು ಆ ತಾಲ್ಲೂಕು ಮಂಡಳಿಯನ್ನೇ. ಅದರ ಅಧ್ಯಕ್ಷಗಿರಿ ಅನೇಕರಿಗೆ ವಿಧಾನಸಭೆಯ ಮೆಟ್ಟಿಲಾಯಿತು. ವಯಸ್ಕ ಮತದಾನ ಬಂದಿತ್ತು, ಪರಿಶಿಷ್ಟರಿಗೂ ಮಹಿಳೆಯರಿಗೂ ಕೆಲವು ಸ್ಥಾನಗಳಿದ್ದವು. ಆದರೂ ಭೂಮಿ ಯಾರದ್ದೋ ಪಂಚಾಯಿತಿಯೂ ಅವರದ್ದೇ ಎಂಬ ಸ್ಥಿತಿ ಬಹಳ ಕಡೆ ಬದಲಾಗಲಿಲ್ಲ. ಕೊಂಡಜ್ಜಿ ಬಸಪ್ಪ ಸಮಿತಿ 1963ರಲ್ಲೇ ಜಿಲ್ಲಾ ಹಂತಕ್ಕೂ ಅಧಿಕಾರ ಬೇಕೆಂದು ಹೇಳಿತ್ತು. ಆ ಶಿಫಾರಸಿನ ಮೇಲೆ ಮಸೂದೆಯೂ ಸಿದ್ಧವಾಗಿತ್ತು, ಕಾನೂನಾಗಲಿಲ್ಲ.

1959ರ ಕಾಯಿದೆಯಡಿ ಕೊನೆಯ ಚುನಾವಣೆ ನಡೆದದ್ದು 1978ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಮುಂದಿನದು ಬಂದದ್ದು 1987ರಲ್ಲಿ. ನಡುವೆ ಒಂಬತ್ತು ವರ್ಷ. ಆ ವೇಳೆಗೆ 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತ್ತು, ಹಾವನೂರು ಆಯೋಗದ ವರದಿ ಹಿಂದುಳಿದ ಜಾತಿಗಳಿಗೆ ದನಿ ಕೊಟ್ಟಿತ್ತು. ಹೊಸ ಜನ ಸಿದ್ಧರಾಗಿದ್ದರು, ಅವರಿಗೆ ಬೇಕಾದದ್ದು ನಿಲ್ಲಲು ಒಂದು ಚುನಾವಣೆ.

ಅದನ್ನು ಕೊಟ್ಟ ಮನುಷ್ಯನ ಹೆಸರು ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯವರು. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ. ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡವರು. ಹಲವು ಹಳ್ಳಿಗಳನ್ನು ಕೂಡಿಸಿ ಒಂದು ಪಂಚಾಯಿತಿ ಮಾಡುವ, ಅಶೋಕ್ ಮೆಹ್ತಾ ಸಮಿತಿಯ ಮಂಡಲ ಕಲ್ಪನೆಯನ್ನು ಎತ್ತಿಕೊಂಡು ಅವರು ರೂಪಿಸಿದ ಕಾಯಿದೆ ವಿಧಾನಮಂಡಲದಲ್ಲಿ ಒಪ್ಪಿಗೆ ಪಡೆದದ್ದು 1983ರಲ್ಲಿ, ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ. ಕಡತ ದೆಹಲಿಯಲ್ಲಿ ಕಳೆದ ಆ ಕಾಲವನ್ನೂ ನಡೆಯದ ಚುನಾವಣೆಗಳ ಲೆಕ್ಕಕ್ಕೇ ಸೇರಿಸಬೇಕು.

1987ರ ಜನವರಿಯಲ್ಲಿ ಮತದಾನವಾಯಿತು. ಜಿಲ್ಲಾ ಪರಿಷತ್ತುಗಳ 887 ಸ್ಥಾನ, ಮಂಡಲ ಪಂಚಾಯಿತಿಗಳ 55 ಸಾವಿರಕ್ಕೂ ಹೆಚ್ಚು ಸ್ಥಾನ. ನೂರಕ್ಕೆ 25 ಸ್ಥಾನ ಮಹಿಳೆಯರಿಗೆ, 18 ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ. ದೇಶದಲ್ಲಿ ಬೇರೆಲ್ಲೂ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಹೆಂಗಸರು ಚುನಾಯಿತರಾಗಿ ಸಭೆಯಲ್ಲಿ ಕುಳಿತಿರಲಿಲ್ಲ. ಮಂಡಲದ ಮುಖ್ಯಸ್ಥ 'ಪ್ರಧಾನ'. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಜಿಲ್ಲೆಯಲ್ಲಿ ದೊಡ್ಡವನು ಕಲೆಕ್ಟರ್ ಎಂಬ ನೂರು ವರ್ಷದ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಇಲ್ಲಿ. ಮೇಷ್ಟರ ವರ್ಗಾವಣೆ, ಆಸ್ಪತ್ರೆಗೆ ಡಾಕ್ಟರು, ಕೆರೆಯ ತೂಬು ಇವೆಲ್ಲ ಜಿಲ್ಲೆಯಲ್ಲೇ ಇತ್ಯರ್ಥವಾಗುವಂತಾಯಿತು. ಗೈರುಹಾಜರಾಗುತ್ತಿದ್ದ ಮೇಷ್ಟರನ್ನು ಕೇಳುವವರು ಅದೇ ಊರಿನಲ್ಲಿ ಹುಟ್ಟಿಕೊಂಡರು.

ಆ ಕಾಯಿದೆಯಲ್ಲೂ ಕೊರತೆಗಳಿದ್ದವು. ತಾಲ್ಲೂಕು ಪಂಚಾಯಿತಿ ಸಮಿತಿಗೆ ನೇರ ಚುನಾವಣೆ ಇರಲಿಲ್ಲ, ಶಾಸಕರೇ ಅದರ ಅಧ್ಯಕ್ಷರು. ಮಂಡಲಕ್ಕೂ ಪಕ್ಷಗಳ ಚಿಹ್ನೆಯ ಮೇಲೆ ಚುನಾವಣೆಯಾದ್ದರಿಂದ ಊರುಗಳಲ್ಲಿ ಒಡಕು ಹೆಚ್ಚಿತು ಎಂಬ ದೂರು ಆಗಲೇ ಇತ್ತು. ಇಷ್ಟಾದರೂ ನನ್ನ ಅಭಿಪ್ರಾಯ ಸ್ಪಷ್ಟ: ಕನ್ನಡ ನಾಡಿನ ಹಳ್ಳಿಗಳು ಅಧಿಕಾರದ ರುಚಿಯನ್ನು ನಿಜವಾಗಿ ಕಂಡದ್ದು ಆ ಐದು ವರ್ಷಗಳಲ್ಲಿ. ಅದಕ್ಕಿಂತ ಹಿಂದೆ ಅಷ್ಟು ಕಂಡಿರಲಿಲ್ಲ, ಆಮೇಲೂ ಅಷ್ಟು ಕಂಡಿಲ್ಲ. ನಜೀರ್ ಸಾಬರು ಅದನ್ನು ಪೂರ್ತಿ ನೋಡಲಿಲ್ಲ. 1988ರ ಅಕ್ಟೋಬರಿನಲ್ಲಿ ತೀರಿಕೊಂಡರು.

1992ರಲ್ಲಿ ಅವಧಿ ಮುಗಿಯಿತು. ಚುನಾವಣೆ ಬರಲಿಲ್ಲ, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಬಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 73ನೇ ತಿದ್ದುಪಡಿಯನ್ನು ಒಪ್ಪಿತು. ಕರ್ನಾಟಕದ ಪ್ರಯೋಗವನ್ನೂ ಕಣ್ಣಮುಂದೆ ಇಟ್ಟುಕೊಂಡು ದೇಶ ಕಾನೂನು ಮಾಡುತ್ತಿದ್ದ ಹೊತ್ತಿನಲ್ಲಿ ಕರ್ನಾಟಕದಲ್ಲೇ ಚುನಾಯಿತ ಪರಿಷತ್ತುಗಳು ಇರಲಿಲ್ಲ. 1993ರ ಏಪ್ರಿಲ್ 24ರಂದು ತಿದ್ದುಪಡಿ ಜಾರಿಗೆ ಬಂತು, ಮೇ 10ರಂದು ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯಿದೆ ಜಾರಿಯಾಯಿತು. 1993ರ ಡಿಸೆಂಬರಿನಲ್ಲೇ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು ಮಾತ್ರ 1995ರ ಮಾರ್ಚ್‌ವರೆಗೆ ಕಾಯಬೇಕಾಯಿತು.

ಇಂದು ನಾವು ಮತ ಹಾಕುವ ಕ್ರಮ ಈ ಕಾಯಿದೆಯದ್ದೇ. ಮಂಡಲಗಳು ಒಡೆದು ಐದರಿಂದ ಏಳು ಸಾವಿರ ಜನಸಂಖ್ಯೆಯ ಗ್ರಾಮ ಪಂಚಾಯಿತಿಗಳಾದವು, ಮಲೆನಾಡಿನಲ್ಲಿ ಇನ್ನೂ ಚಿಕ್ಕವು. ಸುಮಾರು 400 ಜನರಿಗೆ ಒಬ್ಬ ಸದಸ್ಯ. ಒಂದೇ ವಾರ್ಡಿನಿಂದ ಇಬ್ಬರು, ಮೂವರು ಗೆದ್ದು ಬರುವುದುಂಟು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ರಾಜ್ಯ ಚುನಾವಣಾ ಆಯೋಗ ಹಂಚುವ ಚಿಹ್ನೆಗಳಷ್ಟೆ. ಗೋಡೆಯ ಮೇಲೆ ಪಕ್ಷದ ಹೆಸರು ಬರೆಯದಿದ್ದರೂ ಯಾರು ಯಾವ ಕಡೆಯವರೆಂದು ಊರಿಗೆಲ್ಲ ಗೊತ್ತಿರುತ್ತದೆ. ಆದರೂ ಈ ನಿಯಮ ಒಳ್ಳೆಯದೆಂದೇ ನನಗನಿಸುತ್ತದೆ. ಟಿಕೆಟಿಗಾಗಿ ಯಾರ ಮನೆಯ ಬಾಗಿಲಲ್ಲೂ ಕಾಯದೆ ಒಬ್ಬ ಕೂಲಿ ಹೆಂಗಸು ನಾಮಪತ್ರ ಹಾಕಬಹುದಾದ ಚುನಾವಣೆ ಇದೊಂದೇ.

ಮೀಸಲಾತಿಯ ಅಗಲವೂ ಹೆಚ್ಚಿತು. ಮಹಿಳೆಯರಿಗೆ ಮೂರನೇ ಒಂದು ಭಾಗವಿದ್ದದ್ದು 2010ರ ತಿದ್ದುಪಡಿಯಿಂದ ಅರ್ಧವಾಯಿತು. ಹಿಂದುಳಿದವರಿಗೆ 'ಅ' ಮತ್ತು 'ಬ' ವರ್ಗಗಳಾದವು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೂ ಮೀಸಲಾತಿ ಸರದಿಯಂತೆ ಬಂತು. 'ಸದಸ್ಯೆ ಹೆಸರಿಗೆ, ಅಧಿಕಾರ ಗಂಡನಿಗೆ' ಎಂಬ ಮಾತನ್ನು ಅಂದಿನಿಂದ ಕೇಳುತ್ತಲೇ ಇದ್ದೇವೆ. ಸಭೆಯಲ್ಲಿ ಗಂಡ ಕೂರುವುದು, ರುಜುವಿಗೆ ಮಾತ್ರ ಹೆಂಡತಿಯನ್ನು ಕರೆಯುವುದು ಸುಳ್ಳಲ್ಲ. ಆದರೆ ಅದು ಪೂರ್ತಿ ಸತ್ಯವೂ ಅಲ್ಲ. ಮೊದಲ ವರ್ಷ ಮೂಲೆಯಲ್ಲಿ ಕೂತವಳು ಮೂರನೇ ವರ್ಷ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮುಂದೆ ಕ್ರಿಯಾಯೋಜನೆಯ ಪ್ರತಿ ಕೇಳುತ್ತಾಳೆ. ಅವಳು ಅಷ್ಟು ಕಲಿಯುವ ಹೊತ್ತಿಗೆ ಸರದಿ ಬದಲಾಗಿ ಸ್ಥಾನ ಬೇರೆ ವರ್ಗಕ್ಕೆ ಹೋಗಿರುತ್ತದೆ. ಗಂಡನ ಮೇಲೆ ಹಾಕುವ ತಪ್ಪಿನಲ್ಲಿ ಒಂದಷ್ಟನ್ನು ಈ ಸರದಿಯ ಮೇಲೂ ಹಾಕಬೇಕು. ಜಿಲ್ಲಾ ಪಂಚಾಯಿತಿಯಲ್ಲಂತೂ ಅಧ್ಯಕ್ಷಗಿರಿ ಬಹುಕಾಲ 20 ತಿಂಗಳದ್ದಾಗಿತ್ತು. ಜಿಲ್ಲೆಯ ಹೋಬಳಿಗಳನ್ನು ಒಮ್ಮೆ ಸುತ್ತಿ ಬರುವಷ್ಟರಲ್ಲಿ ಕುರ್ಚಿ ಬಿಡುವ ದಿನ ಬರುತ್ತಿತ್ತು.

ಗ್ರಾಮ ಪಂಚಾಯಿತಿಗಳಿಗೆ 2000, 2005, 2010, 2015, 2020ರಲ್ಲಿ ಚುನಾವಣೆ ನಡೆಯಿತು. 1993ರಿಂದ 2000ದವರೆಗಿನ ಅಂತರ ಬಿಟ್ಟರೆ ಮಿಕ್ಕದ್ದು ಬಹುಮಟ್ಟಿಗೆ ಕ್ರಮಬದ್ಧ. ಈ ಕ್ರಮವೇ ಹಳ್ಳಿಗಳಲ್ಲಿ ಹೊಸ ರಾಜಕಾರಣಿಗಳನ್ನು ಬೆಳೆಸಿತು. ಕೆಡುಕುಗಳನ್ನೂ ತಂದಿತು, ಅವನ್ನು ಮುಚ್ಚಿಡಬಾರದು. ಬಾಡೂಟ, ಸೀರೆ, ನೋಟು ವಾರ್ಡಿನ ಮಟ್ಟಕ್ಕೂ ಇಳಿದಿವೆ. ಎಲ್ಲಕ್ಕಿಂತ ನೋವಿನದು ಸ್ಥಾನಗಳ ಹರಾಜು. ದೇವಸ್ಥಾನ ಕಟ್ಟಲು ಇಷ್ಟು ಲಕ್ಷ ಕೊಡುವವರಿಗೆ ಸ್ಥಾನ ಎಂದು ಊರ ಕಟ್ಟೆಯಲ್ಲಿ ಕೂಗಿ, 'ಅವಿರೋಧ ಆಯ್ಕೆ' ಎಂಬ ಗೌರವದ ಹೆಸರು ಕೊಡುವುದು 2020ರಲ್ಲಿ ಹಲವು ಜಿಲ್ಲೆಗಳಿಂದ ವರದಿಯಾಯಿತು. ಮೊಕದ್ದಮೆ ಹೂಡುವುದಾಗಿ ಆಯೋಗ ಎಚ್ಚರಿಸಬೇಕಾಯಿತು. ಅವಿರೋಧ ಆಯ್ಕೆಯೆಲ್ಲ ಕೆಟ್ಟದ್ದಲ್ಲ, ಮನಸ್ತಾಪ ಬೇಡವೆಂದು ಹಿರಿಯರು ಕೂತು ಒಪ್ಪಿಸಿದ ಊರುಗಳೂ ಇವೆ. ಆದರೆ ಆ ಕಟ್ಟೆಯ ಮೇಲೆ ದಲಿತರಿಗೆ, ಹೆಂಗಸರಿಗೆ ಕೂರಲು ಜಾಗವಿತ್ತೇ ಎಂದು ಕೇಳಿದರೆ ಬಹಳ ಕಡೆ ಉತ್ತರ ಸಿಗುವುದಿಲ್ಲ.

ಈಗ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಕಡೆ ನೋಡಿ. 1995, 2000, 2005, 2010, ಆಮೇಲೆ 2016ರ ಫೆಬ್ರವರಿ. 2016ರಲ್ಲಿ ಆಯ್ಕೆಯಾದವರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮಾಡಿ ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಆಗ ಸರ್ಕಾರ ಕಾಯಿದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಇದರ ಜೊತೆಗೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ ಕೂಡಿಕೊಂಡಿತು. ಕರ್ನಾಟಕದ ಕಾಯಿದೆಯನ್ನೇ ಪ್ರಶ್ನಿಸಿದ್ದ ಕೆ. ಕೃಷ್ಣಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಒಂದು ಮಾತು ಹೇಳಿತ್ತು: ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದವರ ರಾಜಕೀಯ ಹಿಂದುಳಿದಿರುವಿಕೆಗೆ ಅಂಕಿಅಂಶ ಬೇಕು, ಪರಿಶಿಷ್ಟರು ಮತ್ತು ಹಿಂದುಳಿದವರ ಒಟ್ಟು ಮೀಸಲಾತಿ ಅರ್ಧವನ್ನು ದಾಟಬಾರದು. ಮಹಾರಾಷ್ಟ್ರದ ಪ್ರಕರಣದಲ್ಲಿ 2021ರಲ್ಲಿ ಅದನ್ನೇ ಗಟ್ಟಿಯಾಗಿ ಮತ್ತೆ ಹೇಳಿತು. ಹತ್ತು ವರ್ಷ ಕೈಯಲ್ಲಿದ್ದ ತೀರ್ಪಿಗೆ ಅಂಕಿಅಂಶ ಕಲೆಹಾಕುವ ಕೆಲಸ ಅವಧಿ ಮುಗಿದ ಮೇಲೆ ಶುರುವಾಯಿತು. ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ 2022ರಲ್ಲಿ ವರದಿ ಕೊಟ್ಟಿತು. ವಿಳಂಬಕ್ಕಾಗಿ ಹೈಕೋರ್ಟ್ ಸರ್ಕಾರಕ್ಕೆ ದಂಡವನ್ನೂ ವಿಧಿಸಿತು. ಚುನಾವಣೆ ಆಗಲೂ ನಡೆಯಲಿಲ್ಲ. ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಆಡಳಿತಾಧಿಕಾರಿಗಳು ಮುಂದುವರಿದರು.

ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಯಾವ ನೆಪವೂ ಸಲ್ಲದೆಂಬ ಅರ್ಥದಲ್ಲಿ ಸುಪ್ರೀಂ ಕೋರ್ಟ್ 2006ರ ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕಾನೂನಿನ ಕೊರತೆ ಇಲ್ಲಿಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯನೊಬ್ಬ ಗಟ್ಟಿಯಾದರೆ ಶಾಸಕನಿಗೆ ಮುಂದಿನ ಬಾರಿಯ ಎದುರಾಳಿ ಹುಟ್ಟುತ್ತಾನೆ. ಅನುದಾನ ಹಂಚುವ ಕೈ ಒಂದಿದ್ದದ್ದು ಎರಡಾಗುತ್ತದೆ. ಹಾಗಾಗಿ ಚುನಾವಣೆ ಮುಂದೆ ಹೋದರೆ ವಿಧಾನಸಭೆಯಲ್ಲಿ ಯಾವ ಪಕ್ಷವೂ ಜೋರಾಗಿ ಕೂಗುವುದಿಲ್ಲ. 1978ರಿಂದ 1987, 1992ರಿಂದ 1995, 2021ರ ನಂತರ: ಮೂರು ಖಾಲಿ ಕಾಲಗಳಿಗೂ ಕಾರಣ ಇದೇ ಎಂದು ನಾನು ನಂಬುತ್ತೇನೆ.

ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎರಡೂ ಮತ್ತೆ ರಾಜ್ಯ ಚುನಾವಣಾ ಆಯೋಗದ ಕೈಗೆ ಬರಬೇಕು. ಅವಧಿ ಮುಗಿಯುವುದಕ್ಕೆ ಆರು ತಿಂಗಳ ಮೊದಲೇ ಅವು ಮುಗಿದಿರಬೇಕೆಂದು ಕಾಯಿದೆಯಲ್ಲಿ ಬರೆಯಬೇಕು. ಮುಂದಿನ ಸಲ ವಿಧಾನಸಭೆಗೆ ಮತ ಕೇಳಲು ನಿಮ್ಮ ಮನೆಯ ಅಂಗಳಕ್ಕೆ ಬಂದವರನ್ನು ಕೂರಿಸಿ, ನೀರು ಕೊಟ್ಟು, ಜಿಲ್ಲಾ ಪಂಚಾಯಿತಿ ಚುನಾವಣೆಗಳು ಹೊತ್ತಿಗೆ ಸರಿಯಾಗಿ ನಡೆಯಲು ನೀವೇನು ಮಾಡಿದಿರಿ ಎಂದು ದಯವಿಟ್ಟು ಕೇಳಿ.